ಸೂಜಿಗೆ ಹೆದರುತ್ತಾಳಂತೆ

ಮನೆಯವರಿಗೂ ಬೀದಿಯವರಿಗೂ ಅವಳು ಸೂಜಿ. ಹನ್ನೊಂದು ವರ್ಷದವಳಿದ್ದಾಗ ಅಪ್ಪನ ಬೈಂಡಿಂಗ್ ಅಂಗಡಿಯಲ್ಲಿ ಕುಳಿತು, ಮಡಚಿದ ಹಾಳೆಗಳ ಕಟ್ಟಿಗೆ ಮೊದಲ ಸಲ ಹೊಲಿಗೆ ಹಾಕಿದ್ದಳು. ಅಪ್ಪ ಆ ಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿ ನೋಡಿದರು. ಒಂದು ಎಳೆಯೂ ಸಡಿಲವಾಗಲಿಲ್ಲ. "ಇವಳು ಹುಡುಗಿಯಲ್ಲ ಕಣೋ, ಸೂಜಿ," ಎಂದು ಮಗನಿಗೆ ಹೇಳಿದರು. ಅಲ್ಲಿಂದ ಮುಂದೆ ಶಾಲೆಯ ಹಾಜರಿಯಲ್ಲಿದ್ದ ಹೆಸರು ಶಾಲೆಯಲ್ಲೇ ಉಳಿಯಿತು.

ಅಪ್ಪ ತೀರಿಕೊಂಡ ಮೇಲೆ ಅಂಗಡಿ ಅಣ್ಣ ತಂಗಿ ಇಬ್ಬರದೂ ಆಯಿತು. ಯಾರೂ ಕೂತು ಹಂಚಿಕೊಳ್ಳದಿದ್ದರೂ ಕೆಲಸ ತಾನಾಗಿ ಎರಡು ಪಾಲಾಗಿತ್ತು. ಬಾಗಿಲ ಪಕ್ಕದ ಮೇಜು ಅಣ್ಣನದು. ಬಂದವರನ್ನು ಮಾತಾಡಿಸುವುದು, ಯಾವ ಪುಸ್ತಕ ಎಂದಿಗೆ ಸಿಗುತ್ತದೆಂದು ಹೇಳುವುದು, ತಡವಾದರೆ ಬೈಸಿಕೊಳ್ಳುವುದು, ಎಲ್ಲ ಅವನ ಕೆಲಸ. ಒಳಕೋಣೆ ಅವಳದು. ಮೇಣ ಸವರಿದ ದಾರ, ರಟ್ಟಿನ ರಾಶಿ, ಅಂಟಿನ ಡಬ್ಬ, ಮೇಲಿನ ಚಕ್ರ ತಿರುಗಿಸಿ ಬಿಗಿಯುವ ಕಬ್ಬಿಣದ ಪ್ರೆಸ್ಸು. ಗಿರಾಕಿಯ ಜೊತೆ ವಾದ ಮಾಡುವುದಕ್ಕಿಂತ ಬೆನ್ನು ಕಿತ್ತುಹೋದ ಪುಸ್ತಕಕ್ಕೆ ಹೊಸ ಬೆನ್ನು ಕೂರಿಸುವುದು ಅವಳಿಗೆ ಸುಲಭವಾಗಿತ್ತು. ಮದುವೆಯ ಮಾತು ಒಂದೆರಡು ಸಲ ಬಂದು ತಾನಾಗಿಯೇ ಹೋಗಿತ್ತು. ಯಾರಾದರೂ ಕೆದಕಿದರೆ ನಗುತ್ತಿದ್ದಳು. "ನನ್ನನ್ನ ಈ ಪ್ರೆಸ್ಸಿಗೇ ಕೊಟ್ಟಾಗಿದೆ. ಒಳ್ಳೇ ಬಿಗಿ ಹಿಡಿತದವನು, ಬಿಡೋ ಪೈಕಿ ಅಲ್ಲ."

ನಲವತ್ತನಾಲ್ಕರಲ್ಲಿ ಅವಳ ಮೂತ್ರಪಿಂಡಗಳು ಕೈಕೊಟ್ಟವು. ಕಾಲು ಊದಿತು, ಅನ್ನ ಕಂಡರೆ ವಾಕರಿಕೆ ಬಂತು, ಒಂದು ಬೆಳಿಗ್ಗೆ ಏಣಿಯ ಎರಡನೇ ಮೆಟ್ಟಿಲಿನ ಮೇಲೆ ಉಸಿರು ಸಿಗದೆ ಕೂತುಬಿಟ್ಟಳು. ಆಸ್ಪತ್ರೆಯಲ್ಲಿ ಅದೇ ದಿನ ಕತ್ತಿನ ಬಲಗಡೆ ಒಂದು ಕೊಳವೆ ಹಾಕಿ ರಕ್ತ ಶುದ್ಧಿ ಮಾಡಿದರು. ಹದಿನೈದು ದಿನಕ್ಕೆ ಅದಕ್ಕೆ ಸೋಂಕಾಗಿ ಚಳಿಜ್ವರ ಬಂತು. ಅದನ್ನು ತೆಗೆದು ಎಡಗಡೆ ಬೇರೊಂದನ್ನು ಹಾಕಿದರು. ಕತ್ತಿನ ಬುಡದಲ್ಲಿ ಒಳಹೋಗಿ, ಚರ್ಮದ ಅಡಿಯಲ್ಲೇ ಸ್ವಲ್ಪ ದೂರ ಇಳಿದು, ಎದೆಯ ಮೇಲೆ ಎರಡು ಬಾಯಿಯಾಗಿ ಹೊರಬರುವ ಉದ್ದನೆಯ ಕೊಳವೆ. ಆಗ ಅಲ್ಲಿದ್ದ ಹಳೇ ಡಾಕ್ಟರು ಅಂದೇ ಹೇಳಿದ್ದರು. "ಇದು ಎರಡು ಮೂರು ತಿಂಗಳ ಮಟ್ಟಿಗೆ ಅಷ್ಟೆ. ಆಮೇಲೆ ಕೈಯಲ್ಲಿ ಸಣ್ಣ ಆಪರೇಷನ್ ಮಾಡಿ ಅಪಧಮನಿಗೂ ಅಭಿಧಮನಿಗೂ ಜೋಡಣೆ ಮಾಡಿಕೊಡ್ತೀವಿ. ಪ್ರತಿ ಸಲ ಅಲ್ಲೇ ಸೂಜಿ ಚುಚ್ಚಿ ಯಂತ್ರಕ್ಕೆ ಸೇರಿಸೋದು. ಅದೇ ಕಾಯಂ ದಾರಿ." ಮಂಪರಿನಲ್ಲಿದ್ದ ಅವಳಿಗೆ ಇದರಲ್ಲಿ ಅರ್ಧ ಕೇಳಿಸಿತು. ಪಕ್ಕದಲ್ಲಿ ನಿಂತಿದ್ದ ಅಣ್ಣನಿಗೆ ಪೂರ್ತಿ ಕೇಳಿಸಿತು.

ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ. ಸಾಲಾಗಿ ಏಳು ಕುರ್ಚಿ, ಪ್ರತಿ ಕುರ್ಚಿಗೆ ಒಂದು ಯಂತ್ರ. ಬಂದ ಕೂಡಲೆ ತೂಕ ನೋಡಬೇಕು. ನರ್ಸು ಕೊಳವೆಯ ಮುಚ್ಚಳಗಳನ್ನು ಔಷಧಿಯಲ್ಲಿ ಒರೆಸಿ, ಕ್ಲಿಪ್ಪು ಸಡಿಲಿಸಿ, ಯಂತ್ರಕ್ಕೆ ಸೇರಿಸುತ್ತಿದ್ದಳು. ನೋವಿರಲಿಲ್ಲ. ಯಂತ್ರ ಶುರುವಾಗುವಾಗ ಸೂಜಿ ಕಣ್ಣು ಮುಚ್ಚಿ ದೇವರನ್ನು ನೆನೆಯುತ್ತಿದ್ದಳು. ಏನನ್ನೂ ಬೇಡುತ್ತಿರಲಿಲ್ಲ, ಬಂದಿದ್ದೇನೆ ಎಂದು ಹೇಳುತ್ತಿದ್ದಳು, ಅಷ್ಟೆ.

ಆ ಆಸ್ಪತ್ರೆಯಲ್ಲಿ ಒಂದು ಪದ್ಧತಿ ಇತ್ತು. ಹಳೇ ಡಾಕ್ಟರು ರೋಗಿಯ ಕಡೆಯವರನ್ನು ತಮ್ಮ ಕೋಣೆಯಲ್ಲಿ ಕಾಣುತ್ತಿದ್ದುದು ಬೆಳಿಗ್ಗೆ ಹತ್ತರಿಂದ ಹನ್ನೊಂದು. ಆ ಹೊತ್ತಿಗೆ ಬೆಳಗಿನ ಸರದಿಯ ಏಳೂ ಜನ ಯಂತ್ರಕ್ಕೆ ಸೇರಿಕೊಂಡಿರುತ್ತಿದ್ದರು, ಅಲ್ಲಾಡುವಂತಿಲ್ಲ. ಹಾಗಾಗಿ ರೋಗಿಯ ವಿಷಯ ಮಾತಾಡಲು ರೋಗಿಯ ಬದಲು ಮನೆಯವರು ಹೋಗುತ್ತಿದ್ದರು. ಸೂಜಿಯ ಪರವಾಗಿ ಅಣ್ಣ ಹೋಗುತ್ತಿದ್ದ. ಹೊರಗಿನ ಮಾತು ಅವನದು ತಾನೆ? ಅದರಲ್ಲಿ ವಿಚಿತ್ರವೇನೂ ಅವಳಿಗೆ ಕಾಣಲಿಲ್ಲ.

ಮೂರು ತಿಂಗಳಾದಾಗ ಅವಳೇ ನೆನಪಿಸಿದಳು. "ಅಣ್ಣ, ಕೈಗೆ ಆಪರೇಷನ್ ಅಂದಿದ್ರಲ್ಲ. ಕೇಳ್ಕೊಂಡು ಬಾ."

ಅವನು ಹೋಗಿ ಬಂದು ಕುರ್ಚಿಯ ಪಕ್ಕ ನಿಂತ. "ಸದ್ಯಕ್ಕೆ ಹಾಗೇ ನಡೀಲಿ ಅಂದ್ರು. ಕೊಳವೆ ಚೆನ್ನಾಗಿ ಕೆಲಸ ಮಾಡ್ತಿದೆಯಂತೆ."

ಒಂಬತ್ತನೇ ತಿಂಗಳಲ್ಲಿ ಇನ್ನೊಮ್ಮೆ, ವರ್ಷ ದಾಟಿದ ಮೇಲೆ ಮತ್ತೊಮ್ಮೆ ಅದೇ ಪ್ರಶ್ನೆ, ಅದೇ ಉತ್ತರ. ಮೂರನೇ ಸಲ ಹೇಳುವಾಗ ಅವನು ಅವಳ ಮುಖ ನೋಡದೆ ಯಂತ್ರದ ಪರದೆಯ ಮೇಲಿನ ಅಂಕಿಗಳನ್ನು ನೋಡುತ್ತಿದ್ದ. ಪಾಪ, ನನಗಿಂತ ಇವನಿಗೇ ಸಂಕಟ, ಎಂದುಕೊಂಡಿದ್ದಳು ಅವಳು.

ಪಕ್ಕದ ಕುರ್ಚಿಯಲ್ಲಿ ನಿವೃತ್ತ ಬಸ್ ಡ್ರೈವರೊಬ್ಬರು ಕೂರುತ್ತಿದ್ದರು. ಎಲ್ಲರಿಗೂ ಡ್ರೈವರಣ್ಣ. ಜೋಡಣೆ ಮಾಡಿಸಿಕೊಂಡಿದ್ದ ಅವರ ಮುಂದೋಳಿನಲ್ಲಿ ನರ ಹೆಬ್ಬೆರಳಿನ ಗಾತ್ರ ಉಬ್ಬಿ ಹಾವಿನಂತೆ ಮಲಗಿತ್ತು.

"ಮುಟ್ಟಿ ನೋಡಮ್ಮ, ಇಂಜಿನ್ ಹೇಗೆ ಗುಂಯ್ ಅಂತಿದೆ," ಎನ್ನುತ್ತಿದ್ದರು. "ಆರು ವರ್ಷ ಆಯ್ತು, ಒಂದು ದಿನ ಕೆಟ್ಟು ನಿಂತಿಲ್ಲ. ನಾನು ಓಡಿಸಿದ ಯಾವ ಬಸ್ಸಿಗೂ ಈ ಭಾಗ್ಯ ಇರಲಿಲ್ಲ. ನಿನಗ್ಯಾಕೆ ಇನ್ನೂ ಈ ಪೈಪು?"

"ಡಾಕ್ಟ್ರು ಹಾಗೇ ಇರಲಿ ಅಂದಿದಾರಂತೆ."

"ಅಂತೆ ಏನು ಅಂತೆ? ನೀನೇ ಕೇಳಿದ್ಯಾ?"

"ಅಣ್ಣ ಕೇಳಿದಾನೆ."

"ಹೂಂ," ಎಂದು ಡ್ರೈವರಣ್ಣ ಪೇಪರು ಬಿಡಿಸಿಕೊಂಡರು.

ಒಂದೂವರೆ ವರ್ಷದ ಹೊತ್ತಿಗೆ ಕೊಳವೆ ತೊಂದರೆ ಕೊಡತೊಡಗಿತು. ರಕ್ತ ಸರಾಗವಾಗಿ ಬಾರದೆ ಯಂತ್ರದ ಗಂಟೆ ಹೊಡೆದುಕೊಳ್ಳುತ್ತಿತ್ತು. ಅಷ್ಟರಲ್ಲಿ ಹಳೇ ಡಾಕ್ಟರು ನಿವೃತ್ತರಾಗಿ ಡಾಕ್ಟರಮ್ಮ ಒಬ್ಬರು ಬಂದರು. ಕೋಣೆಯಲ್ಲಿ ಕೂರುವ ಅಭ್ಯಾಸ ಅವರಿಗಿರಲಿಲ್ಲ. ಒಂದು ಸ್ಟೂಲು ಎಳೆದುಕೊಂಡು ಕುರ್ಚಿಯಿಂದ ಕುರ್ಚಿಗೆ ಸರಿಯುತ್ತಿದ್ದರು. ಸೂಜಿಯ ಎದುರು ಕೂತ ಮೊದಲ ದಿನವೇ ಕೇಳಿದರು.

"ಇಷ್ಟು ದಿನ ಕೊಳವೆಯಲ್ಲೇ ಇರಬಾರದು. ಎಡಗೈಗೆ ಆಪರೇಷನ್ ಮಾಡಿಸೋಣ್ವಾ?"

"ನಾಳೇನೇ ಮಾಡಿ," ಎಂದಳು ಅವಳು.

ಡಾಕ್ಟರಮ್ಮನಿಗೆ ಆಶ್ಚರ್ಯವಾದಂತಿತ್ತು. ಕೈಯಲ್ಲಿದ್ದ ದಪ್ಪ ಫೈಲನ್ನು ಒಮ್ಮೆ ನೋಡಿ ಮುಂದಿನ ಕುರ್ಚಿಗೆ ಸರಿದರು.

ಎಡಗೈಗೆ ಜೋಡಣೆಯಾಯಿತು. ಹತ್ತು ದಿನಕ್ಕೆ ಹೊಲಿಗೆ ಬಿಚ್ಚಿದರು. ಗಾಯ ಚೆನ್ನಾಗಿಯೇ ಮಾಗಿತ್ತು. ಆದರೆ ಮೂರನೇ ವಾರ ಕೈ ಊದತೊಡಗಿತು. ಮೊದಲು ಬೆರಳು, ಆಮೇಲೆ ಮೊಣಕೈ, ಆಮೇಲೆ ಭುಜದವರೆಗೆ. ಅತ್ತಿಗೆ ಅವಳ ಅಂಗಿಯ ಎಡತೋಳನ್ನು ಉದ್ದಕ್ಕೆ ಕತ್ತರಿಸಿ ಲಾಡಿ ಕಟ್ಟಿಕೊಟ್ಟಳು. ಕೈ ದಿಂಬಿನಂತಾಯಿತು. ಎದೆಯ ಎಡಭಾಗದಲ್ಲಿ, ಹೆಗಲ ಸುತ್ತ, ಹಿಂದೆಂದೂ ಕಾಣದ ನೀಲಿ ನರಗಳು ಬಲೆಯಂತೆ ಮೂಡಿದವು. ಬೆಳಿಗ್ಗೆ ಎದ್ದಾಗ ಮುಖದ ಒಂದು ಪಾರ್ಶ್ವ ಬೀಗಿರುತ್ತಿತ್ತು. ಹಾಳೆಯ ಕಟ್ಟು ಹಿಡಿಯಲು ಎಡಗೈ ಬಾಗುತ್ತಿರಲಿಲ್ಲ.

ಇದೂ ದೇವರು ಕೊಟ್ಟದ್ದು ಎಂದು ಅವಳು ಹಲ್ಲು ಕಚ್ಚಿಕೊಂಡಳು. ಕೊಟ್ಟವನಿಗೆ ಏನೋ ಕಾರಣ ಇರುತ್ತದೆ ಎಂದು ಮನಸ್ಸಿಗೆ ಬುದ್ಧಿ ಹೇಳಿದಳು.

ನರದೊಳಗೆ ಬಣ್ಣದ ಔಷಧಿ ಹಾಯಿಸಿ ಎಕ್ಸ್‌ರೇ ತೆಗೆದರು. ಡಾಕ್ಟರಮ್ಮ ಚಿತ್ರ ತೋರಿಸಿ ವಿವರಿಸಿದರು. ಕೈಯಿಂದ ಬಂದ ರಕ್ತ ಹೃದಯ ಸೇರಲು ಎದೆಯೊಳಗೆ ಒಂದು ದೊಡ್ಡ ಅಭಿಧಮನಿ ಇದೆ. ಕೊಳವೆ ಕೂತಿರುವುದು ಅದರೊಳಗೇ. ಉಸಿರಾಡಿದಾಗ, ಕತ್ತು ತಿರುಗಿಸಿದಾಗ, ಎದೆ ಬಡಿದಾಗಲೆಲ್ಲ ಅದು ಒಳಗೋಡೆಗೆ ಉಜ್ಜುತ್ತದೆ. ಉಜ್ಜಿ ಗಾಯವಾಗುತ್ತದೆ, ಗಾಯ ಮಾಗಿ ಗಟ್ಟಿಯಾಗುತ್ತದೆ, ದಾರಿ ಕಿರಿದಾಗುತ್ತದೆ.

"ಹೆದ್ದಾರಿ ಇದ್ದ ಕಡೆ ಈಗ ಕಾಲುದಾರಿ ಇದೆ. ನಾವು ಕೈಯಲ್ಲಿ ಜೋಡಣೆ ಮಾಡಿ ರಕ್ತದ ಓಟ ಜಾಸ್ತಿ ಮಾಡಿದ್ವಿ. ಮೇಲೆ ಹೋಗೋಕೆ ಜಾಗ ಇಲ್ಲ, ಅದಕ್ಕೇ ಊತ."

ಬಲೂನು ಹಾಕಿ ಆ ಜಾಗ ಹಿಗ್ಗಿಸಿದರು. ಊತ ಇಳಿಯಿತು. ಸೂಜಿ ಕೆಲವು ವಾರ ಮತ್ತೆ ಒಳಕೋಣೆಗೆ ಹೋಗಿ ಕೂತಳು. ಆರನೇ ವಾರಕ್ಕೆ ಕೈ ಪುನಃ ದಿಂಬಾಯಿತು.

ಆ ದಿನ ಡಾಕ್ಟರಮ್ಮ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡರು. ಅಣ್ಣ ಹೊರಗೆ ಔಷಧಿ ಅಂಗಡಿಯ ಸಾಲಿನಲ್ಲಿದ್ದ.

"ಎಡಗೈ ಆಸೆ ಬಿಡಬೇಕು," ಎಂದರು. "ಅಲ್ಲಿ ಮಾಡಿದ ಜೋಡಣೆ ಮುಚ್ಚಿಬಿಡೋಣ, ಊತ ಇಳಿಯುತ್ತೆ. ಬಲಗಡೆ ಕೊಳವೆ ಹದಿನೈದೇ ದಿನ ಇದ್ದದ್ದು, ಅಲ್ಲಿ ದಾರಿ ಇನ್ನೂ ತೆರೆದಿದೆ. ಬಲಗೈಯಲ್ಲಿ ಮಾಡೋಣ. ನಿಮ್ಮ ಕೆಲಸ ಏನು?"

"ಪುಸ್ತಕ ಹೊಲೀತೀನಿ. ಬಲಗೈಲಿ."

"ಸಣ್ಣ ಪುಟ್ಟದ್ದು ಮುಂದೇನೂ ಮಾಡಬಹುದು. ಭಾರ ಎತ್ತೋದು, ಜಗ್ಗೋದು, ಬಿಗಿಯೋದು ಬೇಡ. ಆ ಕೈಯೊಂದೇ ಈಗ ನಿಮಗೆ ಉಳಿದಿರೋ ಒಳ್ಳೇ ದಾರಿ." ಸ್ವಲ್ಪ ತಡೆದು ಕೇಳಿದರು. "ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಮೊದಲೇ ಯಾಕೆ ಒಪ್ಪಲಿಲ್ಲ? ಮೂರು ಸಲ ಹೇಳಿದ್ರಲ್ಲ."

"ಯಾರಿಗೆ ಹೇಳಿದ್ರು?"

"ನಿಮಗೆ. ಫೈಲಲ್ಲಿದೆ."

"ನನಗೆ ಯಾರೂ ಹೇಳಿಲ್ಲ, ಡಾಕ್ಟ್ರೇ."

ಡಾಕ್ಟರಮ್ಮ ಫೈಲು ತಿರುವಿ ಹಾಕಿ, ಅವಳಿಗೆ ಅರ್ಥವಾಗುವಂತೆ ಓದಿದರು. ಮೂರನೇ ತಿಂಗಳು: ಕೈಯಲ್ಲಿ ಜೋಡಣೆಗೆ ಸಲಹೆ ಕೊಡಲಾಯಿತು, ರೋಗಿಗೆ ಸೂಜಿ ಎಂದರೆ ಭಯ, ಒಪ್ಪುತ್ತಿಲ್ಲ. ಒಂಬತ್ತನೇ ತಿಂಗಳು: ಮತ್ತೆ ಸಲಹೆ, ಅಪಾಯ ತಿಳಿಸಲಾಯಿತು, ರೋಗಿ ನಿರಾಕರಿಸಿದ್ದಾರೆ. ಹದಿನಾಲ್ಕನೇ ತಿಂಗಳು: ರಕ್ತನಾಳ ಕಿರಿದಾಗುವ ಸಾಧ್ಯತೆ ವಿವರಿಸಲಾಯಿತು, ರೋಗಿ ನಿರಾಕರಿಸಿದ್ದಾರೆ.

ಮೂರರ ಕೆಳಗೂ ಒಂದೇ ಸಹಿ ಇತ್ತು. ಕೊನೆಯ ಅಕ್ಷರದಿಂದ ಒಂದು ಬಾಲ ಹೊರಟು, ಹಿಂದಕ್ಕೆ ಬಂದು, ಹೆಸರಿನ ಅಡಿಗೆ ಗೆರೆಯಾಗುವ ಸಹಿ. ಆ ಬಾಲವನ್ನು ಅವಳು ಮೂವತ್ತು ವರ್ಷದಿಂದ ಅಂಗಡಿಯ ಪ್ರತಿಯೊಂದು ರಸೀದಿಯ ಮೇಲೆ ನೋಡಿದ್ದಳು.

"ಇನ್ನೊಂದ್ಸಲ ಓದಿ," ಎಂದಳು. "ಮೊದಲನೇದು."

"ರೋಗಿಗೆ ಸೂಜಿ ಎಂದರೆ ಭಯ."

ಅವಳಿಗೆ ನಗು ಬಂತು. ಎದೆಯಿಂದ ಕೆಮ್ಮಿನಂತೆ ಬಂದ ನಗು. ಯಂತ್ರ ಹೊಡೆದುಕೊಂಡಿತು, ನರ್ಸು ಓಡಿ ಬಂದಳು. ಪಕ್ಕದ ಕುರ್ಚಿಯ ಡ್ರೈವರಣ್ಣ ಪೇಪರು ಮಡಚಿಟ್ಟು ಸುಮ್ಮನೆ ಗೋಡೆ ನೋಡುತ್ತ ಕೂತರು.

ನಗು ನಿಂತ ಮೇಲೆ ಅವಳಿಗೆ ನೆನಪಾದದ್ದು ದೇವರು. ಇಷ್ಟು ದಿನ ಇದೆಲ್ಲವನ್ನೂ ಅವನ ಲೆಕ್ಕಕ್ಕೆ ಬರೆದಿದ್ದಳು. ಅವನ ಇಚ್ಛೆ ಎಂದು ತಲೆಬಾಗಿದ್ದಳು. ಅವನದಲ್ಲದ ತಪ್ಪನ್ನು ಅವನ ಮೇಲೆ ಹೊರಿಸಿ, ಅದನ್ನು ಭಕ್ತಿ ಎಂದು ತಿಳಿದಿದ್ದಳು. ಯಂತ್ರದ ಮುಂದೆ ಕಣ್ಣು ಮುಚ್ಚಿ, ತಪ್ಪಾಯಿತು ಎಂದಳು.

ಅಣ್ಣ ಔಷಧಿಯ ಚೀಲ ಹಿಡಿದು ಬಂದ. ಮನೆಗೆ ಬಂದು, ಅತ್ತಿಗೆ ಬಡಿಸಿ, ಮೂವರೂ ತಟ್ಟೆಯ ಮುಂದೆ ಕೂತ ಮೇಲೆ ಕೇಳಿದಳು.

"ಅಣ್ಣ, ನನಗೆ ಸೂಜಿ ಕಂಡ್ರೆ ಭಯಾನಾ?"

ತುತ್ತು ಅವನ ಬಾಯಿಯ ಹತ್ತಿರ ನಿಂತಿತು.

"ಇದೆಂಥಾ ಪ್ರಶ್ನೆ?" ಎಂದು ಅತ್ತಿಗೆ ನಕ್ಕಳು. "ಮಲಗಿದ್ರೂ ಕೈಯಲ್ಲಿ ಸೂಜಿ ಹಿಡ್ಕೊಂಡೇ ಮಲಗೋಳು ನೀನು."

"ನಿನ್ನನ್ನಲ್ಲ ಅತ್ತಿಗೆ, ಅವನನ್ನ ಕೇಳ್ತಿದೀನಿ. ಡಾಕ್ಟ್ರ ಹತ್ರ ನನಗೆ ಸೂಜಿ ಕಂಡ್ರೆ ಭಯ, ಆಪರೇಷನ್ ಬೇಡ ಅಂತಾಳೆ ಅಂತ ಬರೆಸಿದಾನೆ. ಮೂರು ಸಲ ಸಹಿ ಹಾಕಿದಾನೆ."

ಅಣ್ಣ ತುತ್ತನ್ನು ತಟ್ಟೆಗೆ ಇಳಿಸಿದ. ಸುಳ್ಳೆಂದು ಹೇಳಿಬಿಡಲಿ, ಬೇರೆ ಯಾರದೋ ಫೈಲು ಎನ್ನಲಿ ಎಂದು ಅವಳ ಮನಸ್ಸು ಒಂದು ಕ್ಷಣ ಹಂಬಲಿಸಿತು. ಅವನು ಹಾಗೆ ಹೇಳಲಿಲ್ಲ.

"ಆಗ ಕಾಲೇಜು ಲೈಬ್ರರಿಯ ಕೆಲಸ ಒಪ್ಕೊಂಡಿದ್ದೆ," ಎಂದ ತಲೆ ತಗ್ಗಿಸಿ. "ಆರುನೂರು ಪುಸ್ತಕ. ಆಪರೇಷನ್ ಆದ್ರೆ ಆರು ವಾರ ಕೈಗೆ ಕೆಲಸ ಕೊಡಬೇಡಿ ಅಂದ್ರು ಡಾಕ್ಟ್ರು. ನೀನಿಲ್ದೆ ಯಾರು ಹೊಲೀತಾರೆ? ಎರಡು ತಿಂಗಳು ತಡ ಆದ್ರೆ ಏನಾಗತ್ತೆ ಅಂದ್ಕೊಂಡೆ. ಸುಮ್ನೆ ಬೇಡ ಅಂದ್ರೆ ಬಿಡ್ತಿರಲಿಲ್ಲ, ಅದಕ್ಕೇ ಬಾಯಿಗೆ ಬಂದದ್ದು ಹೇಳ್ದೆ."

"ಒಂಬತ್ತನೇ ತಿಂಗಳಲ್ಲಿ ಲೈಬ್ರರಿ ಕೆಲಸ ಮುಗಿದಿತ್ತು."

"ಆಗ..." ಅವನು ಅತ್ತಿಗೆಯ ಕಡೆ ನೋಡಿದ, ಅಲ್ಲಿಂದ ಸಹಾಯ ಬರಲಿಲ್ಲ. "ಆ ಡ್ರೈವರ್ ಕೈ ನೋಡಿದ್ದೆ. ಗಂಟು ಗಂಟಾಗಿ ಉಬ್ಬಿ. ನಿನ್ನ ಕೈ ಹಾಗಾಗೋದನ್ನ ನೋಡೋಕೆ ನನ್ನಿಂದ ಆಗಲ್ಲ ಅನ್ನಿಸ್ತು. ದೇವರಾಣೆಗೂ ನಿನ್ನ ಒಳ್ಳೇದಕ್ಕೇ."

"ಮೂರನೇ ಸಲ?"

ಅವನು ತಟ್ಟೆಯ ಅನ್ನವನ್ನು ಬೆರಳಿನಿಂದ ಒತ್ತಟ್ಟಿಗೆ ಸರಿಸಿದ.

"ಮೂರನೇ ಸಲ ಏನಂತ ಹೇಳ್ಲಿ? ಎರಡು ಸಲ ನೀನು ಒಪ್ಪಲಿಲ್ಲ ಅಂದಿದ್ದೆ. ಹೌದು ಅಂದ್ರೆ ಡಾಕ್ಟ್ರು ನೇರ ನಿನ್ನ ಹತ್ರ ಬರ್ತಿದ್ರು. ಗೊತ್ತಾಗ್ಬಿಡ್ತಿತ್ತು."

ಮೊದಲನೆಯದನ್ನು ಅವಳು ನುಂಗಬಲ್ಲವಳಾಗಿದ್ದಳು. ಕೆಲಸ ಎಂದರೆ ಏನೆಂದು ಅವಳಿಗೂ ಗೊತ್ತು. ಕೇಳಿದ್ದರೆ, ಲೈಬ್ರರಿಯದು ಮುಗಿಸಿಯೇ ಆಪರೇಷನ್ ಮಾಡಿಸಿಕೊಳ್ಳೋಣ ಎಂದು ಅವಳೇ ಹೇಳುತ್ತಿದ್ದಳೇನೋ. ಎರಡನೆಯದನ್ನು ಪ್ರೀತಿ ಎಂದು ಯಾರಾದರೂ ವಾದ ಮಾಡಬಹುದು. ಮೂರನೆಯದರಲ್ಲಿ ಅಂಗಡಿಯೂ ಇರಲಿಲ್ಲ, ಪ್ರೀತಿಯೂ ಇರಲಿಲ್ಲ. ತನ್ನ ಮಾನ ಉಳಿಸಿಕೊಳ್ಳಲು ಅವನು ಅವಳ ಕೈಯನ್ನೇ ಬಲಿ ಕೊಟ್ಟಿದ್ದ. ರಕ್ತನಾಳ ಕಿರಿದಾಗಬಹುದು ಎಂದು ಡಾಕ್ಟರು ಬಾಯಿಬಿಟ್ಟು ಹೇಳಿದ್ದನ್ನು ಕೇಳಿಸಿಕೊಂಡು, ಬಂದು, ಯಂತ್ರದ ಅಂಕಿಗಳನ್ನು ನೋಡುತ್ತ, ಹಾಗೇ ನಡೀಲಿ ಅಂದ್ರು ಎಂದಿದ್ದ.

"ಅವಳ ಹೆಸರಲ್ಲಿ ಬೇಡ ಅನ್ನೋಕೆ ನೀವ್ಯಾರು ರೀ?" ಎಂದಳು ಅತ್ತಿಗೆ. ಗಂಡನ ಎದುರು ದನಿ ಏರಿಸಿದವಳಲ್ಲ, ಆಗಲೂ ಏರಿಸಲಿಲ್ಲ. "ನಂಗೂ ಹೇಳ್ಲಿಲ್ಲ ನೀವು. ಆ ಅಂಗಿ ತೋಳು ಕತ್ತರಿಸ್ವಾಗ ನೀವು ಅಲ್ಲೇ ಕೂತಿದ್ರಿ. ಕತ್ತರಿ ಎತ್ತಿ ಕೊಟ್ಟೋರೇ ನೀವು."

ಅಣ್ಣ ಎದ್ದು ಕೈ ತೊಳೆದ. ಸೂಜಿ ತಟ್ಟೆಯಲ್ಲಿದ್ದುದನ್ನು ಪೂರ್ತಿ ಉಂಡಳು. ಯಂತ್ರಕ್ಕೆ ಹೋಗುವವರು ಹಸಿದಿರಬಾರದು.

ಒಂದು ವಾರದೊಳಗೆ ಎಡಗೈಯ ಜೋಡಣೆ ಮುಚ್ಚಿ, ಎದೆಯ ಕೊಳವೆಯನ್ನೂ ತೆಗೆದರು. ಬಲಗೈ ಸಿದ್ಧವಾಗುವವರೆಗೆ ತೊಡೆಯ ಸಂದಿಯಲ್ಲಿ ಒಂದು ಕೊಳವೆ. ನಡೆಯುವುದಕ್ಕೂ ಕೂರುವುದಕ್ಕೂ ಕಷ್ಟ. ಬಲಗೈ ಆಪರೇಷನ್ನಿನ ಬೆಳಿಗ್ಗೆ ನರ್ಸು ಒಪ್ಪಿಗೆಯ ಕಾಗದ ತಂದಳು. ಅಭ್ಯಾಸಬಲದಿಂದ ಅಣ್ಣ ಜೇಬಿನಿಂದ ಪೆನ್ನು ತೆಗೆದು ಕೈ ಚಾಚಿದ.

"ಇಲ್ಲಿ ಕೊಡಮ್ಮ," ಎಂದಳು ಸೂಜಿ ನರ್ಸಿಗೆ. "ಮೊದಲು ಓದು. ಒಂದು ಅಕ್ಷರಾನೂ ಬಿಡಬೇಡ."

"ಪೂರ್ತೀನಾ? ಎರಡು ಪುಟ ಇದೆ ಅಕ್ಕ."

"ಆರುನೂರು ಪುಸ್ತಕ ಹೊಲಿದವಳು ನಾನು. ಎರಡು ಪುಟಕ್ಕೆ ಸಾಯಲ್ಲ."

ನರ್ಸು ಓದಿದಳು. ರಕ್ತ ಹೆಪ್ಪುಗಟ್ಟಬಹುದು, ಜೋಡಣೆ ಹಿಡಿಯದೇ ಹೋಗಬಹುದು, ಬೆರಳುಗಳಿಗೆ ರಕ್ತ ಕಡಿಮೆಯಾಗಿ ಜೋಮು ಹಿಡಿಯಬಹುದು. ಸೂಜಿ ಒಂದೆರಡು ಕಡೆ ತಡೆದು ಅರ್ಥ ಕೇಳಿದಳು. ಅಣ್ಣ ಮಂಚದ ಕಾಲ ಬಳಿ, ಪೆನ್ನು ಹಿಡಿದುಕೊಂಡೇ ನಿಂತಿದ್ದ. ಅವಳು ನರ್ಸಿನ ಪೆನ್ನಿನಿಂದ ಶಾಲೆಯಲ್ಲಿ ಉಳಿದುಹೋಗಿದ್ದ ಹೆಸರನ್ನು ನಿಧಾನವಾಗಿ ಬರೆದಳು.

"ಇಲ್ಲಿ ಸಂಬಂಧಿಕರದು," ಎಂದಳು ನರ್ಸು.

"ಅತ್ತಿಗೆ, ಬಾ. ನೀನು ಹಾಕು."

ಅತ್ತಿಗೆ ಸೆರಗಿಗೆ ಕೈ ಒರೆಸಿಕೊಂಡು ಬಂದು ಸಹಿ ಹಾಕಿದಳು. ಅಣ್ಣ ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡು ಹೊರಗೆ ಹೋದ.

ಬಲಗೈ ಹಿಡಿಯಿತು. ಎರಡು ತಿಂಗಳಲ್ಲಿ ನರ ದಪ್ಪವಾಗಿ ಮೇಲೆದ್ದು ಬಂತು. ಎಡಗೈಯ ಊತ ಇಳಿದು ಚರ್ಮ ಮಾತ್ರ ಸುಕ್ಕಾಗಿ ಉಳಿಯಿತು. ಪ್ರೆಸ್ಸಿನ ಚಕ್ರ ಬಿಗಿಯಲು ಅಂಗಡಿಗೆ ಒಬ್ಬ ಕೆಲಸಗಾರನನ್ನು ಇಟ್ಟುಕೊಂಡರು. ಅವನು ಬಿಗಿಯುವ ರೀತಿ ಸೂಜಿಗೆ ಹಿಡಿಸುತ್ತಿರಲಿಲ್ಲ. ಪುಸ್ತಕದ ಒಂದು ಮೂಲೆ ಯಾವಾಗಲೂ ಎದ್ದೇ ಇರುತ್ತಿತ್ತು. ಅವಳು ತೆಳ್ಳಗಿನವನ್ನು ಮಾತ್ರ ಹೊಲಿಯುತ್ತಿದ್ದಳು, ದಿನಕ್ಕೆ ಎರಡು, ಹೆಚ್ಚೆಂದರೆ ಮೂರು. ದಾರ ಜಗ್ಗುವ ಕೊನೆಯ ಎಳೆತವನ್ನು ಅರ್ಧಕ್ಕೇ ನಿಲ್ಲಿಸಬೇಕಾಗುತ್ತಿತ್ತು. ಆ ಉಳಿದರ್ಧ ಅವಳ ಭುಜದಲ್ಲಿ ಸಿಕ್ಕಿಹಾಕಿಕೊಂಡಂತೆ ನೋಯುತ್ತಿತ್ತು.

ಅಣ್ಣ ಮೊದಲಿಗಿಂತ ಹೆಚ್ಚು ನೋಡಿಕೊಳ್ಳುತ್ತಿದ್ದ. ಕೇಳುವ ಮೊದಲೇ ಔಷಧಿ ತರುತ್ತಿದ್ದ, ಆಸ್ಪತ್ರೆಯ ಮೆಟ್ಟಿಲಲ್ಲಿ ಕೈ ಹಿಡಿಯಲು ಬರುತ್ತಿದ್ದ. ಅವಳು ಕೈ ಕೊಡುತ್ತಿದ್ದಳು. ಮಾತಿಗೆ ಮಾತು ಆಡುತ್ತಿದ್ದಳು. ಆದರೆ ಅವನು ಏನಾದರೂ ಹೇಳಿದಾಗಲೆಲ್ಲ, ಇಂದು ಬಸ್ಸು ತಡ ಅಂತೆ, ದಾರದ ಅಂಗಡಿ ಮುಚ್ಚಿದೆಯಂತೆ ಎಂಬ ಸಣ್ಣ ಮಾತಿನಲ್ಲೂ, ನಿಜವೇ ಎಂದು ಒಳಗೊಬ್ಬಳು ಕೇಳುತ್ತಿದ್ದಳು. ಆ ಒಳಗಿನವಳು ಮೊದಲು ಇರಲಿಲ್ಲ. ಅವಳನ್ನು ಸುಮ್ಮನಾಗಿಸು ಎಂದು ಸೂಜಿ ದೇವರಲ್ಲಿ ಬೇಡಿಕೊಂಡಳು. ಅವಳು ಬಾಯಿ ಬಿಟ್ಟು ಬೇಡಿದ್ದು ಅದೊಂದನ್ನೇ. ಇನ್ನೂ ಆಗಿರಲಿಲ್ಲ.

ಬಲಗೈಯಿಂದ ಮೊದಲ ಸಲ ಯಂತ್ರಕ್ಕೆ ಸೇರಿಸಿದ ದಿನ ಡಾಕ್ಟರಮ್ಮ ಬಂದು ನಿಂತು ನೋಡಿದರು. ರಕ್ತದ ಓಟ ಚೆನ್ನಾಗಿತ್ತು. ಯಂತ್ರ ಒಂದು ಸಲವೂ ಹೊಡೆದುಕೊಳ್ಳಲಿಲ್ಲ. ಸೂಜಿ ತಲೆ ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿದ್ದಳು. ಅವಳಿಗೆ ನಿದ್ದೆ ಹತ್ತಿದೆ ಎಂದುಕೊಂಡು ಅಣ್ಣ ಪಕ್ಕದ ಕುರ್ಚಿಯ ಕಡೆ ಬಾಗಿದ.

"ಅಂತೂ ಸರಿಹೋಯ್ತು ನೋಡಿ," ಎಂದ ಡ್ರೈವರಣ್ಣನಿಗೆ, ಮೆಲ್ಲನೆ. "ನನ್ನಿಂದ ಸ್ವಲ್ಪ ತಪ್ಪಾಗಿತ್ತು, ನಿಮಗೂ ಗೊತ್ತಲ್ಲ. ಆದ್ರೆ ಅವಳದು ದೊಡ್ಡ ಮನಸ್ಸು. ಏನೂ ಇಟ್ಕೊಂಡಿಲ್ಲ. ಎಲ್ಲ ಮರೆತುಬಿಟ್ಟಿದಾಳೆ."

"ಅಣ್ಣ," ಎಂದಳು ಸೂಜಿ. ಕಣ್ಣು ತೆರೆದಿರಲಿಲ್ಲ. "ಹಾಗಂತ ನಾನು ಯಾವತ್ತು ಹೇಳ್ದೆ?"

ಡ್ರೈವರಣ್ಣ ಪೇಪರನ್ನು ಮುಖದ ಮುಂದೆ ಎತ್ತಿ ಹಿಡಿದರು. ಅಣ್ಣ ನೆಟ್ಟಗಾದ. ಮೂರೂವರೆ ಗಂಟೆ ಬಾಕಿ ಇತ್ತು. ಅವನು ಸ್ಟೂಲು ಹುಡುಕಿ ತಂದು, ಅವಳ ಕಾಲ ಬಳಿ ಹಾಕಿಕೊಂಡು ಕೂತ.